ಗೋಡೆಯಾಚೆಯ ಶತ್ರು

"ಹೊಸ ಭಾಷೆಯಂತೆ, ಹೊಸ ಭಾಷೆ! ಬರಲಿ, ಅದನ್ನೂ ಒಂದು ಕೈ ನೋಡಿಯೇ ಬಿಡ್ತೀನಿ!"

ಮುಖದ ತುಂಬ ಸೋಪಿನ ನೊರೆ ಬಳಿದುಕೊಂಡು, ಬಚ್ಚಲುಮನೆಯ ಕನ್ನಡಿಯೆದುರು ರೇಜರನ್ನು ಕತ್ತಿಯ ಹಾಗೆ ಎತ್ತಿಹಿಡಿದು ಕಂಬಣ್ಣ ಈ ಘೋರ ಪ್ರತಿಜ್ಞೆ ಮಾಡಿದ. ಪ್ರತಿಜ್ಞೆಯ ರಭಸಕ್ಕೆ ಗಲ್ಲ ಕೊಯ್ದುಹೋಯಿತು.

"ಒಬ್ಬರೇ ಏನ್ರೀ ಮಾತಾಡ್ತಿದೀರ?" ಹೊರಗಿನಿಂದ ಹೆಂಡತಿಯ ದನಿ.

"ಮಾತಲ್ಲ ಕಣೇ, ಹಾಡು!"

"ಹಾಡಾ? ನಾನು ಎಲ್ಲೋ ಜಾರಿ ಬಿದ್ರಿ ಅಂದ್ಕೊಂಡೆ."

ಕಂಬಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. "ಈ ಕಂಪನಿಗೆ ನಾನೇ ಕಂಬ. ನಾನು ಅಲ್ಲಾಡಿದರೆ ಸೂರೇ ಕುಸಿಯುತ್ತೆ" ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡದ್ದಕ್ಕೆ ಆಫೀಸಿನವರು ದಯಪಾಲಿಸಿದ ಬಿರುದು. ಪೂರ್ತಿ ಸುಳ್ಳೂ ಅಲ್ಲ. ಕಂಪನಿಯ ಗೋದಾಮಿಗೆ ಸರಕು ಬಂದಿಳಿಯುವುದರಿಂದ ಹಿಡಿದು ಲಾರಿ ಹತ್ತುವವರೆಗಿನ ಎಲ್ಲವನ್ನೂ ನಡೆಸುವ ಪ್ರೋಗ್ರಾಂ ಬರೆದವನು ಅವನೇ. ಅದು ಕೆಟ್ಟು ಕೂತರೆ ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಅವನ ಕುರ್ಚಿಯ ಸುತ್ತ ಕೈಕಟ್ಟಿ ನಿಲ್ಲುತ್ತಿದ್ದರು. ಅವನು ನಿಧಾನವಾಗಿ ಕಾಫಿ ಮುಗಿಸಿ, ಕನ್ನಡಕ ಒರೆಸಿ, ಒಂದು ಸಾಲು ತಿದ್ದುತ್ತಿದ್ದ. ಲಾರಿಗಳು ಹೊರಡುತ್ತಿದ್ದವು. ಆಹಾ, ಅದೊಂದು ಕಾಲ!

ಈಗ ಆ ಪ್ರೋಗ್ರಾಂ ಬರೆದ ಹಳೆಯ ಕಂಪ್ಯೂಟರ್ ಭಾಷೆಯನ್ನು ಕಲಿಯುವವರೂ ಇಲ್ಲ, ಕಲಿಸುವವರೂ ಇಲ್ಲ. ಅವನ ಸಾಲಿನಲ್ಲಿ ಕೂರುತ್ತಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು. ಪ್ರತಿಯೊಬ್ಬರೂ ಹೋಗುವಾಗ ಕೇಕು ತಿನ್ನಿಸಿ, ಮೇಜಿನ ಮೇಲಿನ ಪುಟ್ಟ ಕುಂಡವನ್ನು "ನೋಡ್ಕೊಳ್ಳಿ ಸಾರ್" ಎಂದು ಇವನ ಕೈಗಿಟ್ಟು ಹೋದರು. ಬೆಳಗ್ಗೆ ಬಂದ ಕೂಡಲೇ ಖಾಲಿ ಮೇಜುಗಳ ಗಿಡಗಳಿಗೆಲ್ಲ ನೀರು ಹಾಕುವುದು ಕಂಬಣ್ಣನ ಮೊದಲ ಕೆಲಸ. ಕೆಲವು ದಿನ ಅದೊಂದೇ ಕೆಲಸ. ನೀರು ಹಾಕುತ್ತ ಹಾಕುತ್ತ ತನ್ನ ಕುಂಡವನ್ನು ಯಾರ ಕೈಗಿಡುವುದು ಎಂಬ ಯೋಚನೆ ಬರುತ್ತಿತ್ತು.

ಕೊನೆಗೆ ಮ್ಯಾನೇಜರು ಒಳಗೆ ಕರೆದರು. ಒಂದಾನೊಂದು ಕಾಲದಲ್ಲಿ ಇದೇ ಕಂಬಣ್ಣನ ಹತ್ತಿರ ಕೆಲಸ ಕಲಿತವರು.

"ಸಾರ್, ನಿಮ್ಮ ಸಿಸ್ಟಮ್ ನಿಲ್ಲಿಸ್ತಿದೀವಿ. ಎಲ್ಲಾ ಹೊಸ ಭಾಷೆಗೆ ಹೋಗ್ತಿದೆ. ಆನ್‌ಲೈನಲ್ಲಿ ಒಂದು ಕೋರ್ಸಿದೆ, ಪಾಸಾಗಿ ಸರ್ಟಿಫಿಕೇಟ್ ತನ್ನಿ. ಇಲ್ಲಾಂದ್ರೆ..." ಎಂದವರು ಮಾತು ಮುಗಿಸದೆ ಕಿಟಕಿಯ ಕಡೆ ನೋಡಿದರು. ಕಿಟಕಿಯಾಚೆ ಏನೂ ಇರಲಿಲ್ಲ. ಕಂಬಣ್ಣನಿಗೆ ಎಲ್ಲ ಅರ್ಥವಾಯಿತು.

ಮನೆಯಲ್ಲಿ ಮಾತ್ರ ಅವನು ತುಟಿ ಬಿಚ್ಚಲಿಲ್ಲ. ಸೂರು ಹೊತ್ತ ಕಂಬ ಹೆಂಡತಿಯ ಮುಂದೆ ಹೋಗಿ, "ನನ್ನನ್ನು ಮತ್ತೆ ಮೊದಲನೇ ತರಗತಿಗೆ ಹಾಕಿದ್ದಾರೆ" ಎನ್ನುವುದುಂಟೇ! ಸಂಜೆ ಬಂದವನೇ "ಆಫೀಸ್ ಕೆಲಸ ಇದೆ, ಯಾರೂ ಒಳಗೆ ಬರಬೇಡಿ" ಎಂದು ಮಲಗುವ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಮಗಳು ದೂರದ ಹಾಸ್ಟೆಲಿನಲ್ಲಿ ಓದುತ್ತಿದ್ದುದರಿಂದ ಬರಬಹುದಾದವಳು ಹೆಂಡತಿಯೊಬ್ಬಳೇ. ಅವಳಿಗೆ ಅವಳದೇ ಕೆಲಸವಿತ್ತು.

ಅವಳೂ ಒಂದು ಕಾಲಕ್ಕೆ ಪ್ರೋಗ್ರಾಂ ಬರೆಯುವ ಕೆಲಸದಲ್ಲೇ ಇದ್ದವಳು. ಮಗಳು ಹುಟ್ಟಿದಾಗ ಬಿಟ್ಟಳು. ಆಮೇಲೆ ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ವರ್ಷಗಟ್ಟಲೆ ಏನೋ ನೋಡುತ್ತಿದ್ದಳು. ಸೀರಿಯಲ್ ಇರಬೇಕು ಎಂದುಕೊಂಡಿದ್ದ ಕಂಬಣ್ಣ. ಈಚೆಗೆ ಒಂದು ದಿನ, "ರೀ, ಕಂಪ್ಯೂಟರ್ ಕಲಿಯೋರ ಪ್ರೋಗ್ರಾಂ ತಿದ್ದೋ ಕೆಲಸ ಸಿಕ್ತು, ಮನೆಯಿಂದಾನೇ" ಎಂದಳು. "ಒಳ್ಳೇದಾಯ್ತು, ನಿಂಗೂ ಹೊತ್ತು ಹೋಗುತ್ತೆ" ಎಂದು ಫೋನಿನಿಂದ ಕಣ್ಣೆತ್ತದೆ ಹೇಳಿದ. ಯಾರ ಪ್ರೋಗ್ರಾಂ, ಯಾವ ಭಾಷೆ ಎಂದು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ! ಗಂಡನ ಆಫೀಸಿನಲ್ಲಿ ಖಾಲಿಯಾಗುತ್ತಿದ್ದ ಕುರ್ಚಿಗಳ ಸುದ್ದಿ ಕೇಳಿ ಕೇಳಿ, ದಿಗಿಲುಬಿದ್ದು ಅವಳು ಆ ಕೆಲಸ ಹುಡುಕಿಕೊಂಡಿದ್ದಳು ಎಂಬುದೂ ಅವನಿಗೆ ಹೊಳೆಯಲಿಲ್ಲ.

ಕೋರ್ಸಿನಲ್ಲಿ ಯಾರಿಗೂ ಹೆಸರಿರಲಿಲ್ಲ. ಕಲಿಯುವವನಿಗೊಂದು ನಂಬರು, ತಿದ್ದುವವರಿಗೊಂದು ನಂಬರು. ಕಂಬಣ್ಣನ ಮೊದಲ ಪ್ರೋಗ್ರಾಂ ತಿದ್ದಿಸಿಕೊಂಡು ಬಂತು.

"ಇಪ್ಪತ್ತು ಸಾಲಿನ ಕೆಲಸಕ್ಕೆ ಇನ್ನೂರು ಸಾಲು ಯಾಕೆ? ಹೊಸ ಭಾಷೆಯಲ್ಲಿ ಹಳೇ ಭಾಷೆ ಬರೆದಿದ್ದೀರಿ."

ಕಂಬಣ್ಣನ ನೆತ್ತಿ ಸುಟ್ಟಿತು. ಕೀಬೋರ್ಡು ಕುಟ್ಟಿದ: "ನಾನು ಪ್ರೋಗ್ರಾಂ ಬರೆಯೋಕೆ ಶುರು ಮಾಡಿದಾಗ ತಾವು ಬಾಯಲ್ಲಿ ಬೆರಳಿಟ್ಟುಕೊಂಡು ಓಡಾಡ್ತಿದ್ದಿರಬಹುದು!"

ಗೋಡೆಯಾಚೆ, ಊಟದ ಮೇಜಿನ ಮೇಲೆ ಟಕಟಕ ಸದ್ದಾಯಿತು. ಉತ್ತರ ಬಂತು: "ಇರಬಹುದು. ಈಗ ನಿಮ್ಮ ಪ್ರೋಗ್ರಾಂ ನೋಡಿ ಆ ಬೆರಳು ಮೂಗಿನ ಮೇಲೆ ಬಂದಿದೆ."

"ಎಲಾ ಇವನ!" ಕಂಬಣ್ಣ ಕೋಣೆಯೊಳಗೆ ಹಲ್ಲು ಕಡಿದ. ಆಚೆಯಿಂದ ಹೆಂಡತಿ ಯಾರಿಗೋ ಶಾಪ ಹಾಕುತ್ತಿರುವುದು ಕೇಳಿಸಿತು. ಪಾಪ, ಅವಳಿಗೂ ಎಂಥದೋ ತಾಪತ್ರಯ ಎಂದುಕೊಂಡ!

ಊಟಕ್ಕೆ ಕೂತಾಗ ಸಿಟ್ಟು ತಡೆಯಲಾಗಲಿಲ್ಲ. ಕೋರ್ಸಿನ ಮಾತು ಎತ್ತುವಂತಿಲ್ಲವಲ್ಲ, ಅದಕ್ಕೆ "ನಮ್ಮ ಆಫೀಸಿಗೆ ತಪಾಸಣೆಗೆ ಅಂತ ಒಬ್ಬ ಬಂದಿದಾನೆ, ಎಳಸು. ನನ್ನ ಕೆಲಸದಲ್ಲೇ ಹುಳುಕು ಹುಡುಕ್ತಾನೆ" ಎಂದ.

"ಅಯ್ಯೋ, ನಂಗೂ ಒಬ್ಬ ಗಂಟು ಬಿದ್ದಿದಾನೆ ರೀ! ಮುದುಕ ಇರಬೇಕು. ಒಂದು ಹೇಳಿದ್ರೆ ಹತ್ತು ವಾದಿಸ್ತಾನೆ."

"ಅಂಥವರಿಗೆಲ್ಲ ಯಾಕೆ ಬೇಕು ಕಲಿಕೆ! ಮನೇಲಿ ಬಿದ್ದಿರಬಾರದಾ?"

"ಅಲ್ವಾ? ಅವನ ಹೆಂಡ್ತಿ ಹೇಗೆ ಸಹಿಸ್ಕೋತಾಳೋ!"

"ಪಾಪ, ಅವಳ ಹಣೆಬರಹ" ಎಂದು ಕಂಬಣ್ಣ ಮನಸಾರೆ ಮರುಗಿದ.

ಅಂದಿನಿಂದ ಊಟದ ಹೊತ್ತು ರಂಗೇರಿತು. ಅಲ್ಲಿಯವರೆಗೆ ಗಂಡ ಹೆಂಡಿರ ಮಾತೆಂದರೆ ನಲ್ಲಿ ಸೋರುವುದು, ಮಗಳ ಹಾಸ್ಟೆಲಿನ ಫೀಸು, ಇಷ್ಟೇ. ಈಗ "ಇವತ್ತೇನಂದ ನಿಮ್ಮ ಎಳಸು?" ಎಂದು ಅವಳು ಬಡಿಸುತ್ತಲೇ ಕೇಳುವಳು. "ಮೊದಲು ನಿನ್ನ ಮುದುಕನ ಸಮಾಚಾರ ಹೇಳು" ಎಂದು ಇವನು ತಟ್ಟೆ ಮುಂದೆ ಒಡ್ಡುವನು. ಅವಳು ಮುದುಕನನ್ನು ಅಣಕಿಸಿದರೆ ಇವನು ನೆತ್ತಿಗೆ ಹತ್ತುವಷ್ಟು ನಗುವನು. ಇವನು ಎಳಸಿಗೆ ಬೈದರೆ ಅವಳು ಇನ್ನೆರಡು ಬೈಗುಳ ಸೇರಿಸಿ ಕೊಡುವಳು. ಆ ಬೈಗುಳಗಳನ್ನು ಅವನು ಮರುದಿನ ಹಾಗೆಯೇ ಟೈಪು ಮಾಡಿ ಕಳಿಸುವನು. ಅದನ್ನೋದಿ ಅವಳು ಗೋಡೆಯಾಚೆ ಕೆಂಡವಾಗುವಳು! ಆಫೀಸಿನ ಮಂಕು ಹಗಲುಗಳಲ್ಲಿ, ಖಾಲಿ ಕುರ್ಚಿಗಳ ನಡುವೆ ಕೂತು ಕಂಬಣ್ಣ ಊಟದ ಹೊತ್ತಿಗಾಗಿ ಕಾಯತೊಡಗಿದ. ಕೆಲಸ ಹೋಗುವ ಭಯವಿದ್ದರೂ ಹೆಂಡತಿಯೆದುರು ಕೂತಾಗ ಮನಸ್ಸು ಹಗುರವಾಗುತ್ತಿತ್ತು.

ಕಟ್ಟಕಡೆಯ ಪ್ರೋಗ್ರಾಂ ಕಳಿಸುವ ದಿನ ಬಂತು. ಇದರಲ್ಲಿ ಪಾಸಾದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಬಂದರೆ ಕುರ್ಚಿ. ಕಂಬಣ್ಣ ಪ್ರಾಣ ಹಿಂಡಿ ಬರೆದು ಕಳಿಸಿದ. ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಯೋಚನೆಯಲ್ಲಿದ್ದಳು.

"ಮುದುಕನ ಕೊನೇ ಪ್ರೋಗ್ರಾಂ ಬಂದಿದೆ ರೀ. ಓಡುತ್ತೆ, ಆದ್ರೆ ತೆವಳಿಕೊಂಡು ಓಡುತ್ತೆ. ಅತ್ಲಾಗೆ ಪಾಸೂ ಅಲ್ಲ, ಇತ್ಲಾಗೆ ಫೇಲೂ ಅಲ್ಲ. ಹೋಗ್ಲಿ, ಪಾಸ್ ಮಾಡಿಬಿಡ್ಲಾ? ಹೊಟ್ಟೆಪಾಡಿಗೆ ಬಂದಿರಬಹುದು ಪಾಪ."

ಕಂಬಣ್ಣ ಬಾಯಿಗಿಡುತ್ತಿದ್ದ ತುತ್ತನ್ನು ತಟ್ಟೆಗಿಳಿಸಿದ. "ಪಾಸಾ? ನಿಂಗೇನಾದ್ರೂ ತಲೆ ಸರಿ ಇದೆಯಾ? ನಿನ್ನನ್ನ ಬಾಯಿಗೆ ಬಂದಂತೆ ಬೈದವನಿಗೆ ಪಾಸಾ! ಇಂಥವರು ನುಗ್ಗಿಯೇ ನಮ್ಮ ಕೆಲಸದ ಮರ್ಯಾದೆ ಹೋಗಿರೋದು. ಕೆಡವು! ನಿರ್ದಾಕ್ಷಿಣ್ಯವಾಗಿ ಕೆಡವು!"

"ಅಷ್ಟು ಕಟುವಾಗಿ..."

"ಕನಿಕರ ತೋರಿಸಿದ್ರೆ ತಲೆ ಮೇಲೆ ಕೂರ್ತಾರೆ. ನನ್ನ ಮಾತು ಕೇಳು."

ಅವಳು ತಲೆಯಾಡಿಸಿದಳು. ಆಮೇಲೆ ತಾನೂ ಬಿಸಿಯಾದಳು. "ನೀವೂ ಸುಮ್ಮನಿರಬೇಡಿ ಮತ್ತೆ. ಆ ಎಳಸಿನ ಮೇಲೆ ಮೇಲಿನವರಿಗೆ ಕಂಪ್ಲೇಂಟ್ ಬರೀರಿ. ಹಿರಿಯರಿಗೆ ಮರ್ಯಾದೆ ಕೊಡದವನು ಆ ಜಾಗದಲ್ಲಿ ಇರಬಾರದು."

"ಅವನ ಕೆಲಸ ಹೋದ್ರೆ?"

"ಹೋಗ್ಲಿ ಬಿಡಿ! ನಿಮಗಿಂತ ಹೆಚ್ಚಾ?"

ಈ ಮಾತಿಗೆ ಕಂಬಣ್ಣನ ಕಣ್ಣು ತೇವವಾಯಿತು. ತನ್ನ ಪರ ನಿಲ್ಲಲು ಲೋಕದಲ್ಲಿ ಒಬ್ಬಳಾದರೂ ಇದ್ದಾಳಲ್ಲ! ಕೈ ತೊಳೆದವನೇ ಹೋಗಿ ಕೋರ್ಸು ನಡೆಸುವವರಿಗೆ ಖಾರವಾದ ದೂರು ಬರೆದ. ಅವಳು ಮೇಜು ಒರೆಸಿ, ಲ್ಯಾಪ್‌ಟಾಪು ತೆರೆದು, ಒಂದು ಗುಂಡಿ ಒತ್ತಿದಳು. ಇಬ್ಬರೂ ಒಬ್ಬರ ಮಾತನ್ನೊಬ್ಬರು ನಡೆಸಿಕೊಟ್ಟ ತೃಪ್ತಿಯಲ್ಲಿ ಮಲಗಿದರು.

ಫಲಿತಾಂಶ ಆಫೀಸಿನಲ್ಲಿರುವಾಗ ಬಂತು. ಫೇಲು! ಮ್ಯಾನೇಜರು ಈ ಸಲ ಕಿಟಕಿಯ ಕಡೆಯೂ ನೋಡಲಿಲ್ಲ, ನೆಲ ನೋಡಿದರು. "ತಿಂಗಳ ಕೊನೆವರೆಗೂ ಬನ್ನಿ ಸಾರ್" ಎಂದರು. ಕಂಬಣ್ಣ ಕಾಲೆಳೆದುಕೊಂಡು ಹೊತ್ತಿಗೆ ಮುಂಚೆಯೇ ಮನೆ ಸೇರಿದ.

ಹೆಂಡತಿ ಮುಚ್ಚಿದ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಅತ್ತು ಕಣ್ಣು ಊದಿತ್ತು.

"ನನ್ನ ಕೆಲಸ ಹೋಯ್ತು ರೀ. ಯಾವನೋ ನನ್ನ ಮೇಲೆ ಕಂಪ್ಲೇಂಟ್ ಬರೆದಿದಾನೆ. ಇನ್ನು ಮೇಲೆ ಪ್ರೋಗ್ರಾಮೆಲ್ಲ ಮೆಷೀನೇ ತಿದ್ದುತ್ತಂತೆ. ನಾನು ಬೇಡವಂತೆ."

"ಯಾವನೇ ಅವನು ದರಿದ್ರದವನು!" ಕಂಬಣ್ಣ ತನ್ನ ದುಃಖ ಮರೆತು ಗುಡುಗಿದ. "ಅವನ ಕೈ ಸೇದಿಹೋಗ! ಅವನ ಮನೆ ಹಾಳಾಗ!"

"ಹೋಗ್ಲಿ ಬಿಡಿ. ನಿಮ್ಮ ಕೆಲಸ ಒಂದಿದೆಯಲ್ಲ, ಅದೇ ಧೈರ್ಯ."

ಇನ್ನು ಮುಚ್ಚಿಡಲು ಅವನಿಂದ ಆಗಲಿಲ್ಲ. ಎದುರಿನ ಕುರ್ಚಿಯಲ್ಲಿ ಕುಸಿದು, ಕೋರ್ಸಿನ ಕಥೆ, ಫೇಲಾದ ಕಥೆ ಎಲ್ಲ ಕಕ್ಕಿದ. ತಪಾಸಣೆಯವನು ಆಫೀಸಿನವನಲ್ಲ, ಕೋರ್ಸಿನಲ್ಲಿ ತಿದ್ದುವವನು ಎಂದೂ ಹೇಳಿದ. "ನೀನೇ ನೋಡು, ಇದು ಕೆಡವೋ ಅಂಥ ಪ್ರೋಗ್ರಾಮಾ ಅಂತ" ಎಂದು ತನ್ನ ಲ್ಯಾಪ್‌ಟಾಪು ತಂದು ಅವಳ ಮುಂದೆ ತೆರೆದಿಟ್ಟ.

ಅವಳು ಮೊದಲ ಪುಟ ನೋಡಿದಳು. ಕೆಳಗೆ ಸರಿಸಿದಳು. ಮತ್ತೆ ಮೇಲೆ ಬಂದಳು. ಅಲ್ಲಿದ್ದ ಕಲಿಯುವವನ ನಂಬರಿನ ಮೇಲೆ ಬೆರಳಿಟ್ಟಳು.

"ಏನಾಯ್ತೇ?"

"ಪಾಸ್ ಮಾಡೋಣ ಅಂತಾನೇ ಇದ್ದೆ ಕಣ್ರೀ" ಎಂದಳು ಸಣ್ಣ ದನಿಯಲ್ಲಿ. "ಊಟಕ್ಕೆ ಕೂತಾಗ ನೀವೇ ಬೇಡ ಅಂದ್ರಿ."

ಕಂಬಣ್ಣನಿಗೆ ಇದು ತಲೆಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಕೂತ ಕುರ್ಚಿಯೇ ಗಿರ್ರನೆ ತಿರುಗಿದಂತಾಯಿತು.

"ಕಂಪ್ಲೇಂಟ್ ಬರಿ ಅಂದವಳು ನೀನೇ ತಾನೆ!"

"ಬರೆದವರು ನೀವು ತಾನೆ!"

"ಯಾವ ಭಾಷೆ ತಿದ್ದುತ್ತೀನಿ ಅಂತ ಒಂದು ದಿನನಾದ್ರೂ ಹೇಳಿದ್ಯಾ?"

"ಒಂದು ದಿನನಾದ್ರೂ ಕೇಳಿದ್ರಾ?"

ಇಬ್ಬರೂ ಎದ್ದು, ಇದ್ದದ್ದನ್ನು ಬಿಸಿ ಮಾಡಿಕೊಂಡು, ತಟ್ಟೆ ಮುಂದಿಟ್ಟುಕೊಂಡು ಕೂತರು. ಬೈಯಲು ಇಬ್ಬರ ಪಾಲಿಗೂ ಯಾರೂ ಉಳಿದಿರಲಿಲ್ಲ.

ಕೊನೆಗೆ ಕಂಬಣ್ಣ ತಲೆ ತಗ್ಗಿಸಿಕೊಂಡೇ ಕೇಳಿದ: "ತಿಂಗಳ ಕೊನೆಯೊಳಗೆ ಇನ್ನೊಂದು ಸಲ ಪರೀಕ್ಷೆಗೆ ಕೂರಬಹುದಂತೆ. ಪಾಸಾದ್ರೆ ಕೆಲಸ ಉಳಿಯಬಹುದು. ಹೇಳಿಕೊಡ್ತೀಯಾ?"

"ಹೇಳಿಕೊಡ್ತೀನಿ" ಎಂದು ಅವಳು ನಿಟ್ಟುಸಿರು ಬಿಟ್ಟಳು. "ಆದ್ರೆ ಈ ಸಲ ಸರಿಯಾಗಿ ಕಲೀಬೇಕು ನೀವು. ನಂಗಾದ್ರೆ ಮದುವೆಯಾದಾಗಿನಿಂದ ನಿಮಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಿ ಅಭ್ಯಾಸ. ಮೆಷೀನಿಗೆ ಆ ಅಭ್ಯಾಸ ಇಲ್ಲ!"