ಬಾವುಟದ ಕೋಲಿಗೆ ಒಣಹಾಕಿದ ಚೀಲ

ಈ ಬೇಸಿಗೆಯಲ್ಲಿ ನನ್ನಿಂದ ಮನೆಗೆ ಒಂದಾದರೂ ಉಪಕಾರ ಆಗಲೇಬೇಕೆಂದು ಘೋರ ಪ್ರತಿಜ್ಞೆ ಮಾಡಿದೆ!

ಹದಿನೇಳು ವರ್ಷದವನು ಚಳಿಗಾಲದಲ್ಲಿ ಶಾಲೆ ಬಿಟ್ಟು ಮನೆಯಲ್ಲಿ ಕೂತರೆ ಇಂಥ ಪ್ರತಿಜ್ಞೆಗಳು ತಾವಾಗಿಯೇ ಹುಟ್ಟುತ್ತವೆ. ಬಿಟ್ಟ ಸಂಗತಿ ನಮ್ಮ ಫ್ರೀಸ್‌ಲ್ಯಾಂಡಿನ ಹಳ್ಳಿಯಲ್ಲಿ ಅಮ್ಮನಿಗೆ ಮಾತ್ರ ಗೊತ್ತು.

"ಯಾರಿಗೂ ಹೇಳ್ಬೇಡಮ್ಮಾ" ಎಂದು ಗೋಗರೆದಿದ್ದೆ.

"ನಾನ್ಯಾಕೆ ಹೇಳ್ಲಿ?" ಎಂದಿದ್ದಳು. ಆಗ ಅವಳು ಪುರಸಭೆಯ ಚುನಾವಣೆಗೆ ನಿಂತಿದ್ದಳು. ಮಾರ್ಚಿನಲ್ಲಿ ಗೆದ್ದೂಬಿಟ್ಟಳು.

ಜೂನಿನಲ್ಲಿ ಹಳೆಯ ಶಾಲೆಯ ಚೀಲವನ್ನೇ ಬೆನ್ನಿಗೇರಿಸಿ ಬೆಲ್ಜಿಯಂ ಸುತ್ತಿ ಬಂದೆ. ಪ್ರಯಾಣದಲ್ಲಿ ಜನ "ಎಲ್ಲಿಗೆ?" ಎನ್ನುತ್ತಾರೆ, ಊರಿನಲ್ಲಿ "ಮುಂದೇನು?" ಎನ್ನುತ್ತಾರೆ. ಮೊದಲನೆಯದಕ್ಕೆ ಟಿಕೆಟ್ ತೋರಿಸಿದರೆ ಮುಗಿಯಿತು. ಎರಡನೆಯದಕ್ಕೆ ಏನು ತೋರಿಸಬೇಕೋ ನನಗಿನ್ನೂ ತಿಳಿದಿಲ್ಲ.

ಚೀಲದೊಳಗೆ ಚೀಸ್ ಕರಗಿತ್ತು. ಅಮ್ಮ ಪುರಸಭೆಗೆ ಹೋದ ಬೆಳಿಗ್ಗೆ ಚೀಲವನ್ನು ತೊಳೆದೆ. ಉತ್ಸಾಹ ಉಳಿದಿತ್ತು, ಅಟ್ಟದಲ್ಲಿ ಬೂಸ್ಟು ಹಿಡಿದಿದ್ದ ರಾಷ್ಟ್ರಧ್ವಜವನ್ನೂ ತೊಳೆದೆ. ಎರಡಕ್ಕೂ ಒಳ್ಳೆಯ ಗಾಳಿ ಎಲ್ಲಿ ಸಿಗುತ್ತದೆ? ದೀರ್ಘ ಸಂಶೋಧನೆಯ ನಂತರ, ಮುಂಬಾಗಿಲ ಪಕ್ಕದ ಬಾವುಟದ ಕೋಲೇ ಸರಿ ಎಂದು ತೀರ್ಮಾನಿಸಿದೆ. ಬಾವುಟ ನೆಲಕ್ಕೆ ತಾಗದಂತೆ ಅಳೆದೆ. ಚೀಲಕ್ಕೆ ಗಂಟು ಹಾಕಿ, ಆ ಗಂಟಿಗೂ ಒಂದು ಗಂಟು ಹಾಕಿದೆ. ಇಂಥ ಜಾಗರೂಕ ಯುವಕ ಯುರೋಪಿನಲ್ಲಿ ಇನ್ನೊಬ್ಬನಿರಲಾರ!

ಅಷ್ಟರಲ್ಲಿ ಎದುರುಮನೆಯ ಬಾವ್ಕೆ ಅಜ್ಜಿ ಓಡಿ ಬಂದು ನನ್ನನ್ನು ತಬ್ಬಿಕೊಂಡರು.

"ಸಿಬ್ರೆನ್! ಕಳ್ಳ! ಒಂದ್ಮಾತು ಹೇಳ್ಲಿಲ್ವಲ್ಲೋ!"

"ಏನು ಹೇಳ್ಬೇಕಿತ್ತು, ಅಜ್ಜಿ?"

"ನಾಚಿಕೆ ನೋಡು ಇವನಿಗೆ! ಇರು, ಕೇಕ್ ತರ್ತೀನಿ!"

ಚೀಲ ತೊಳೆದದ್ದಕ್ಕೆ ಕೇಕಾದರೆ, ಕಾಲುಚೀಲ ತೊಳೆದರೆ ಏನು ಕೊಡುತ್ತಾರೋ ಎಂದು ಕುತೂಹಲವಾಯಿತು.

ಯೋಚನೆ ಮುಗಿಯುವ ಮೊದಲೇ ಹಸು ಸಾಕುವ ಡೌವೆ ಮಾಮ ಟ್ರ್ಯಾಕ್ಟರ್ ನಿಲ್ಲಿಸಿ ಹಾರ್ನ್ ಹೊಡೆದರು. "ಭಲೇ ಹುಡುಗ! ಸರ್ಕಾರಕ್ಕೆ ಸರಿಯಾಗಿ ಬಾರಿಸ್ದೆ!"

"ನಾನಾ?"

"ಬಾವುಟ ತಲೆಕೆಳಗು! ಅದೂ ಪುರಸಭೆ ಸದಸ್ಯೆ ಮನೆ ಮೇಲೆ! ನಾವು ರೈತರು ಪ್ರತಿಭಟನೆಗೆ ನಮ್ಮನಮ್ಮ ಮನೆ ಮೇಲೆ ಹಾರಿಸಿದ್ವಿ ಅಷ್ಟೇ. ನಿನ್ನಷ್ಟು ಧೈರ್ಯ ನಮಗೆಲ್ಲಿ!"

ತಲೆಯೆತ್ತಿ ನೋಡಿದೆ. ನೀಲಿ ಮೇಲೆ, ಕೆಂಪು ಕೆಳಗೆ! ಅದರ ಪಕ್ಕದಲ್ಲೇ ಚೀಲ ಕಂಡಿತು. ಅಜ್ಜಿಯ ಕೇಕಿನ ಅರ್ಥ ಈಗ ಹೊಳೆಯಿತು. ಕೊನೆಯ ಪರೀಕ್ಷೆ ಪಾಸಾದವರ ಮನೆಯಲ್ಲಷ್ಟೇ ಬಾವುಟದ ಜೊತೆ ಶಾಲೆಯ ಚೀಲ ತೂಗುಹಾಕುವುದು ನಮ್ಮಲ್ಲಿ ಪದ್ಧತಿ. ಒಂದೇ ಕೋಲಿನಲ್ಲಿ ನಾನು ಪರೀಕ್ಷೆಯನ್ನೂ ಪಾಸಾಗಿದ್ದೆ, ಸರ್ಕಾರದ ವಿರುದ್ಧ ದಂಗೆಯನ್ನೂ ಎದ್ದಿದ್ದೆ!

ಬಿಚ್ಚಲು ಹೋದೆ. ಗಂಟಿನ ಗಂಟು ಜಗ್ಗಲಿಲ್ಲ. ಅಜ್ಜಿ ಕೇಕ್ ಹಿಡಿದು ಬಂದರು. ಹಿಂದೆಯೇ ಅಮ್ಮನ ಸೈಕಲ್ಲೂ ಬಂತು.

"ಏನೋ ಇದು?" ಅಮ್ಮ ಕೋಲನ್ನೇ ದಿಟ್ಟಿಸಿದಳು.

ಸುಮ್ಮನಿದ್ದರೆ ನಾನು ಪಾಸು! ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಅಜ್ಜಿಯ ಕಣ್ಣಲ್ಲಿ ಆನಂದದ ನೀರಿತ್ತು. ಆ ನೀರನ್ನು ನೋಡುತ್ತ ಕೇಕ್ ನುಂಗುವುದು ನನ್ನಿಂದಾಗಲಿಲ್ಲ.

"ಒಣಗಲಿ ಅಂತ ಹಾಕಿದ್ದು, ಅಜ್ಜಿ" ಎಂದೆ. ದನಿ ಬೂಟಿನೊಳಗಿಂದ ಬಂದಂತಿತ್ತು. "ನಾನು ಪಾಸಾಗಿಲ್ಲ. ಪರೀಕ್ಷೆಗೇ ಕೂತಿಲ್ಲ. ಶಾಲೇನೇ ಬಿಟ್ಟಿದ್ದೀನಿ."

"ಬಿಟ್ಟಿದ್ದು ಗೊತ್ತಲ್ಲೋ!" ಎಂದರು ಅಜ್ಜಿ. "ಮನೇಲೇ ಓದಿ ಪಾಸಾದೆ ಅಂದ್ಕೊಂಡೆ."

"ಗೊತ್ತಾ? ಯಾರು ಹೇಳಿದ್ದು?"

ಡೌವೆ ಮಾಮ ಗಹಗಹಿಸಿ ನಕ್ಕರು. "ಇಡೀ ಊರಿಗೇ ಗೊತ್ತು! ನಿಮ್ಮಮ್ಮ ವೋಟು ಕೇಳೋಕೆ ಬಂದಾಗ ಮನೆಮನೇಲೂ ಅದನ್ನೇ ಹೇಳಿದ್ದು. 'ನನ್ನ ಮಗನೇ ಶಾಲೆ ಬಿಟ್ಟು ಕೂತಿದ್ದಾನೆ. ಶಾಲೆ ಸರಿಮಾಡೋ ಸಂಕಟ ನನಗಿಂತ ಇನ್ಯಾರಿಗಿದೆ?' ಅಂತ!"

ಅಮ್ಮನತ್ತ ತಿರುಗಿದೆ. ಅವಳು ಸೈಕಲ್ಲಿನ ಚಕ್ರವನ್ನು ಒತ್ತಿ ಒತ್ತಿ ಗಾಳಿ ಪರೀಕ್ಷಿಸುತ್ತಿದ್ದಳು.

ಅಜ್ಜಿ ನನ್ನ ಬೆನ್ನು ಸವರಿ, ಕೇಕಿನ ದೊಡ್ಡ ತುಂಡನ್ನು ಕೈಗಿಟ್ಟರು.

"ಬೇಜಾರು ಮಾಡ್ಕೋಬೇಡ ಮಗಾ. ನೀನು ಪಾಸಾಗಿದ್ದಿದ್ರೆ ನಿಮ್ಮಮ್ಮ ಫೇಲಾಗಿರೋಳು!"