ಭಾವ ಕಟ್ಟಿದ ರೇಸ್ ತಂಡ

ಅತಿ ನಿಧಾನವಾಗಿ ಕಾರು ಓಡಿಸುವವರಿಗೆ ಯಾರಾದರೂ ಸ್ಪರ್ಧೆ ಇಟ್ಟರೆ ನನ್ನ ಭಾವ ಅದರಲ್ಲೂ ಗೆಲ್ಲುವುದಿಲ್ಲ. ಅವರು ಸ್ಪರ್ಧೆಯ ಜಾಗಕ್ಕೆ ಬಂದು ತಲುಪುವಷ್ಟರಲ್ಲಿ ಬಹುಮಾನ ಹಂಚಿ ಶಾಮಿಯಾನ ಬಿಚ್ಚಿರುತ್ತಾರೆ! ಇಂಥ ಮನುಷ್ಯ ಒಂದು ರೇಸ್ ತಂಡ ಕಟ್ಟಿದರು ಎಂದರೆ ನೀವು ನಂಬುತ್ತೀರಾ? ಅದೂ ಎಂಥ ರೇಸು? ಹಳೆಯ ಕಾರುಗಳನ್ನು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಸುತ್ತಿಸುತ್ತಾ, ಮುಂದಿನವನನ್ನು ಗುದ್ದಿ, ಪಕ್ಕಕ್ಕೆ ತಳ್ಳಿ ದಾರಿ ಮಾಡಿಕೊಳ್ಳುವ ಸ್ಟಾಕ್ ಕಾರ್ ರೇಸು. ನಾನಂತೂ ಕಣ್ಣಾರೆ ನೋಡಿದ ಮೇಲೂ ಸ್ವಲ್ಪ ದಿನ ನಂಬಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಉಡುಪಿ, ಕೆಲಸ ಡಚ್ಚರ ನಾಡಿನ ಐಂಡ್‌ಹೋವನ್‌ನ ಒಂದು ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ. ಧೂಳಿನ ಒಂದು ಕಣ ಬಿದ್ದರೂ ಹತ್ತು ಜನ ಮೀಟಿಂಗ್ ಕರೆಯುವ ಕೆಲಸ. ಆ ಶಿಸ್ತನ್ನು ಅವರು ಮನೆಗೂ ಹೊತ್ತು ತಂದಿದ್ದರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗುವವರು ಬಹಳ ಮಂದಿ ಇದ್ದಾರೆ. ಮನೆಯಲ್ಲಿ ಗ್ಯಾಸೇ ಇಲ್ಲದೆ, ಕರೆಂಟಿನ ಒಲೆ ಇಟ್ಟುಕೊಂಡೂ ವಾಪಸು ಹೋಗುವವರು ಭಾವ ಒಬ್ಬರೇ. ಸೈಕಲ್ ತುಳಿಯುವಾಗ ಹೆಲ್ಮೆಟ್ ಹಾಕುತ್ತಿದ್ದರು. ಈ ನಾಡಿನಲ್ಲಿ ಸೈಕಲಿಗೆ ಹೆಲ್ಮೆಟ್ ಎಂದರೆ ಊಟಕ್ಕೆ ಕೂತವರು ಛತ್ರಿ ಬಿಡಿಸಿದ ಹಾಗೆ! ಹೈವೇಯಲ್ಲಿ ಒಂದು ಲಾರಿಯನ್ನು ಆರಿಸಿಕೊಂಡು, ಅದರ ಹಿಂದೆ ಮದುಮಗಳಂತೆ ತಲೆ ತಗ್ಗಿಸಿ ಹೋಗುತ್ತಿದ್ದರು. ನಾನಿರುವುದು ಅವರಿಂದ ಒಂದು ಗಂಟೆಯ ದಾರಿಯ ನೈಮೆಗನ್‌ನಲ್ಲಿ. ನನ್ನ ಮನೆಗೆ ಊಟಕ್ಕೆ ಹೊರಟೆವು ಎಂದು ಅಕ್ಕ ಫೋನ್ ಮಾಡಿದ ಮೇಲೆ ನಾನು ಉದ್ದಿನಬೇಳೆ ನೆನೆಹಾಕುತ್ತಿದ್ದೆ.

"ದಾರಿಯ ದನಗಳದ್ದೆಲ್ಲ ಪರಿಚಯ ಆಯ್ತು ಮಾರಾಯ್ತಿ. ಬೇಕಾದ್ರೆ ಒಂದೊಂದರ ಹೆಸರು ಹೇಳ್ತೇನೆ" ಎನ್ನುತ್ತಾ ಅಕ್ಕ ಕಾರಿನಿಂದ ಇಳಿಯುತ್ತಿದ್ದಳು.

"ನಿಧಾನ ಬಂದ್ರೆ ಎಂತ ನಷ್ಟ? ತಲುಪಿದೆವಲ್ಲ?" ಭಾವ ಕಾರಿಗೆ ಬೀಗ ಹಾಕಿ, ಬೀಗ ಬಿದ್ದಿದೆಯೇ ಎಂದು ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿ ಹೇಳುತ್ತಿದ್ದರು.

ಆ ಅಕ್ಕ ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ನೋಯುತ್ತದೆ ಎಂದಳು. ಕುರ್ಚಿ ಎಳೆದು ಕೂತಳು. ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ಎಷ್ಟು ಎಚ್ಚರಿಕೆಯಿಂದ ಇದ್ದಿದ್ದರೂ ಇದನ್ನು ತಡೆಯಲು ಆಗುತ್ತಿರಲಿಲ್ಲ ಎಂದರು ಡಾಕ್ಟರು. ಪಾಪ, ಸಮಾಧಾನಕ್ಕೆಂದೇ ಹೇಳಿದ ಮಾತು. ಆದರೆ ನನ್ನ ಭಾವನಂಥ ಮನುಷ್ಯನಿಗೆ ಅದಕ್ಕಿಂತ ಕ್ರೂರವಾದ ಮಾತು ಇನ್ನೊಂದು ಇರಲಿಕ್ಕಿಲ್ಲ.

ಭಾವ ಅಳಲಿಲ್ಲ. ಚಿತಾಗಾರದ ಹೊರಗೆ ನಿಂತು ಬಂದವರಿಗೆಲ್ಲ ಕಾರು ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿದರು. ಒಳಗೆ ಬಂದವರಿಗೆ ಕಾಫಿ ಸಾಕಾಗುತ್ತದೆಯೇ ಎಂದು ವಿಚಾರಿಸಿದರು. ಉಡುಪಿಯಿಂದ ಅಮ್ಮ ದಿನಾ ಫೋನ್ ಮಾಡಿ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅವರು ಅತ್ತರಾ?"

"ಇಲ್ಲಮ್ಮ."

"ಮಗಳ ಎದುರಾದ್ರೂ?"

"ಇಲ್ಲ. ಅವಳಿಗೆ ಟಿಫಿನ್ ಮಾಡಿ ಕಳಿಸ್ತಾರೆ. ಆಫೀಸಿಗೆ ಹೋಗ್ತಾರೆ."

ಮಗಳು ಎಂದರೆ ಮೇಘನಾ, ಹೈಸ್ಕೂಲಿನ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಬರುವುದು ಇಂಗ್ಲಿಷ್ ಬೆರೆಸಿ, ಸಿಟ್ಟು ಬಂದರೆ ಡಚ್ಚಿನಲ್ಲಿ. ಆ ದಿನಗಳಲ್ಲಿ ಅವಳು ಯಾವ ಭಾಷೆಯಲ್ಲೂ ಹೆಚ್ಚು ಮಾತಾಡುತ್ತಿರಲಿಲ್ಲ. ಅಪ್ಪ ಮಗಳು ಮೇಜಿನ ಆ ಕಡೆ ಈ ಕಡೆ ಕೂತು ಉಣ್ಣುವುದನ್ನು ನೋಡಿದರೆ, ಒಂದೇ ರೈಲಿನಲ್ಲಿ ಎದುರುಬದುರು ಕೂತ ಅಪರಿಚಿತರ ಹಾಗೆ ಕಾಣುತ್ತಿತ್ತು.

ಮನೆಯ ಮುಂದೆ ಅಕ್ಕನ ಹಳೆಯ ಕೆಂಪು ಕಾರು ನಿಂತೇ ಇತ್ತು. ಮಾರಿಬಿಡಿ ಭಾವ ಎಂದೆ ನಾನು.

"ಮಾರಿದ್ರೆ ಯಾರಾದರೂ ಅದನ್ನು ಇದೇ ಊರಲ್ಲಿ ಓಡಿಸ್ತಾರೆ. ಸಿಗ್ನಲ್‌ನಲ್ಲಿ ನನ್ನ ಪಕ್ಕವೇ ಬಂದು ನಿಲ್ತದೆ ಅಂತ ಇಟ್ಕೊ. ನಾನು ತಿರುಗಿ ನೋಡ್ಬೇಕಾ, ಬೇಡ್ವಾ?"

ಗುಜರಿಗೆ ಹಾಕುವುದೇ ಸರಿ ಎಂದಾಯಿತು. ಎನ್ಸ್‌ಕೆಡೆಯ ಆಚೆ ಒಂದು ಹಳ್ಳಿಯಲ್ಲಿ ಹೆಂಕ್ ಎಂಬ ಮುದುಕ, ಮೊದಲು ವೆಲ್ಡರ್ ಆಗಿದ್ದವನು, ಹಳೆಯ ಕಾರು ತೆಗೆದುಕೊಳ್ಳುತ್ತಾನೆ ಎಂದು ಯಾರೋ ಹೇಳಿದರು. ಭಾವ ಅಕ್ಕನ ಕಾರಿನಲ್ಲಿ, ನಾನು ಹಿಂದೆ ನನ್ನ ಕಾರಿನಲ್ಲಿ ಹೊರಟೆವು. ಆ ಪ್ರಯಾಣದ ವೇಗದ ಬಗ್ಗೆ ನಾನೇನೂ ಹೇಳುವುದಿಲ್ಲ. ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಯಿತು ಎಂದರೆ ಸಾಕು.

ಹೆಂಕ್ ಕಾರನ್ನು ಒಂದು ಸುತ್ತು ಹಾಕಿದ. ಬಾನೆಟ್ ಎತ್ತಿ ನೋಡಿದ. "ಇದನ್ನು ಗುಜರಿಗೆ ಹಾಕ್ತೀರಾ? ಇನ್ನೂ ಜೀವ ಇದೆಯಲ್ಲ! ನಮ್ಮ ಟ್ರ್ಯಾಕಿಗೆ ಬಿಡೋಣ" ಎಂದ. ಹೊಲಗಳ ನಡುವೆ ಭಾನುವಾರ ನಡೆಯುವ ರೇಸಿನ ವಿಷಯ ಅವನೇ ವಿವರಿಸಿದ. ಗುದ್ದುತ್ತಾ ಗುದ್ದಿಸಿಕೊಳ್ಳುತ್ತಾ ಓಡಿ, ಒಂದು ದಿನ ಕಾರು ತಾನಾಗಿ ನಿಂತುಬಿಡುತ್ತದಂತೆ.

ಭಾವ ಆ ಕಾರಿನ ಬಾಗಿಲನ್ನು ಒಮ್ಮೆ ಎಳೆದು ನೋಡಿದರು, ಮತ್ತೊಮ್ಮೆ ಎಳೆದು ನೋಡಿದರು. ಆಮೇಲೆ ತಪ್ಪಿಲ್ಲದ ಡಚ್ಚಿನಲ್ಲಿ ಹೇಳಿದರು: "ಬೇರೆ ಯಾರಿಗೂ ಕೊಡುವುದಿಲ್ಲ. ನಾನೇ ಓಡಿಸುತ್ತೇನೆ."

ನಾನು ನಕ್ಕೆ. ಹೆಂಕ್ ನಗಲಿಲ್ಲ. "ಇದು ಯಾರ ಕಾರು?" ಎಂದು ಕೇಳಿದ. "ನನ್ನ ಹೆಂಡತಿಯದು. ತೀರಿಹೋದಳು" ಎಂದರು ಭಾವ. ಹೆಂಕ್ ಒಳಗೆ ಹೋಗಿ ಮೂರು ಕಪ್ ಕಾಫಿ ತಂದ. ತಂಡದ ಸ್ಥಾಪನಾ ಸಮಾರಂಭ ಮುಗಿಯಿತು!

ಎಲ್ಲರ ತಂಡಕ್ಕೂ ಯಾರಾದರೊಬ್ಬರ ಬೆಂಬಲ ಇತ್ತು. ಒಬ್ಬರ ಕಾರಿನ ಮೇಲೆ ಬೇಕರಿಯ ಹೆಸರು, ಇನ್ನೊಬ್ಬರದ್ದರ ಮೇಲೆ ಟ್ರ್ಯಾಕ್ಟರ್ ಅಂಗಡಿಯ ಹೆಸರು. ನಮ್ಮದು ಸ್ವತಂತ್ರ ತಂಡ. ಅಂದರೆ ನಮ್ಮನ್ನು ಯಾರೂ ಕೇಳುವವರಿಲ್ಲ ಎಂದು ಅರ್ಥ. ಡ್ರೈವರ್ ಭಾವ, ಮೆಕ್ಯಾನಿಕ್ ಹೆಂಕ್, ಉಳಿದ ಎಲ್ಲ ವಿಭಾಗಗಳ ಮುಖ್ಯಸ್ಥೆ ನಾನು. ತಂಡಕ್ಕೊಂದು ಹೆಸರು ಬೇಕು ಎಂದಾಗ ಭಾವ 'ರುಸ್ತಿಗ್ ಆನ್' ಎಂದು ಇಟ್ಟರು. ಡಚ್ಚಿನಲ್ಲಿ 'ನಿಧಾನ, ಅವಸರ ಬೇಡ' ಎಂದು ಅರ್ಥ. ಮೈಕಿನಲ್ಲಿ ಆ ಹೆಸರು ಕೂಗಿದಾಗಲೆಲ್ಲ ಬಿಯರ್ ಹಿಡಿದು ನಿಂತವರು ಹೊಟ್ಟೆ ಹಿಡಿದು ನಗುತ್ತಿದ್ದರು.

ಹೆಂಕ್ ಕಾರಿನ ಗಾಜು, ಸೀಟು, ಒಳಗಿನ ಬಟ್ಟೆ ಎಲ್ಲ ಕಿತ್ತು ಹಾಕಿ, ಕಬ್ಬಿಣದ ಪೈಪುಗಳ ಗೂಡು ಕಟ್ಟಿ, ಬಾಗಿಲುಗಳನ್ನು ವೆಲ್ಡ್ ಮಾಡಿ ಮುಚ್ಚಿದ. ಕಿಟಕಿಯಿಂದಲೇ ಹತ್ತಬೇಕು, ಕಿಟಕಿಯಿಂದಲೇ ಇಳಿಯಬೇಕು. ಭಾವ ಮೊದಲ ಸಲ ಹತ್ತುವಾಗ ಹೊಟ್ಟೆ ಒಳಗೆ, ಕಾಲು ಹೊರಗೆ ಸಿಕ್ಕಿಕೊಂಡು, ನಾವಿಬ್ಬರೂ ಹಿಂದಿನಿಂದ ತಳ್ಳಬೇಕಾಯಿತು. ಒಳಗೆ ಕೂತು ಅವರು ಕೇಳಿದ ಮೊದಲ ಪ್ರಶ್ನೆ: "ಇಂಡಿಕೇಟರ್ ಎಲ್ಲಿ?"

ಇಂಡಿಕೇಟರ್ ಇರಲಿಲ್ಲ. ಅದಕ್ಕೆ ಭಾವ ಏನು ಮಾಡಿದರು ಗೊತ್ತೇ? ಮೊದಲ ರೇಸಿನಲ್ಲಿ ಪ್ರತಿ ತಿರುವಿನಲ್ಲೂ, ಇಲ್ಲಿ ಡ್ರೈವರ್ ಕೂರುವ ಎಡಬದಿಯ ಕಿಟಕಿಯಿಂದ ಎಡಗೈ ಹೊರಗೆ ಚಾಚಿ, ಎಡಕ್ಕೆ ತಿರುಗುತ್ತಿದ್ದೇನೆ ಎಂದು ಸೂಚನೆ ಕೊಟ್ಟರು! ಹಿಂದಿನಿಂದ ಬಂದವರಿಗೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬ ಗುದ್ದಿದಾಗ ಕೈ ಎತ್ತಿ ಕ್ಷಮೆ ಕೇಳಿದ್ದೂ ಇವರೇ. ರೇಸ್ ನಡೆಸುವವರು ಕಪ್ಪು ಬಾವುಟ ಬೀಸಿ ಹೊರಗೆ ಕರೆದರು.

"ಕೈ ಒಳಗಿಟ್ಟುಕೊಳ್ಳಿ, ಕತ್ತರಿಸಿ ಹೋಗುತ್ತದೆ" ಎಂದ ಹೆಂಕ್. "ಇಲ್ಲಿ ಎಲ್ಲರೂ ಎಡಕ್ಕೇ ತಿರುಗುವುದು. ಎಲ್ಲರಿಗೂ ಗೊತ್ತು."

"ಗೊತ್ತಿದ್ರೂ ಹೇಳುವುದು ಮರ್ಯಾದೆ ಅಲ್ವಾ?" ಎಂದು ಭಾವ ಕನ್ನಡದಲ್ಲಿ ನನ್ನನ್ನು ಕೇಳಿದರು.

ಆ ವರ್ಷವೆಲ್ಲ ನಮ್ಮ ತಂಡ ಕೊನೆಗೇ ಬಂತು. ಆದರೆ ಜನಪ್ರಿಯತೆಯಲ್ಲಿ ಮೊದಲು! ನಾನು ಒಂದು ಭಾನುವಾರ ಗೋಳಿಬಜೆ ಕರಿದುಕೊಂಡು ಹೋದೆ. ಮರುವಾರ ಭಾವನಿಗೆ ಗುದ್ದಿದವರೆಲ್ಲ ಒಬ್ಬೊಬ್ಬರಾಗಿ ಬಂದು, ಕ್ಷಮಿಸಿ ಎಂದು ಹೇಳಿ, ಗೋಳಿಬಜೆ ಇದೆಯೇ ಎಂದು ಕೇಳತೊಡಗಿದರು. ಅದರ ಆಸೆಗೇ ಕೆಲವರು ಬೇಕೆಂದು ಗುದ್ದುತ್ತಿದ್ದರೆಂದು ನನ್ನ ಗುಮಾನಿ.

ಎರಡನೆಯ ವರ್ಷ ನಗು ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಯಿತು. ಭಾವ ವೇಗ ಹಿಡಿದರು. ದಾರಿ ಬಿಡುವುದನ್ನು ನಿಲ್ಲಿಸಿದರು. ಗುದ್ದತೊಡಗಿದರು. ತಿರುವಿನಲ್ಲಿ ಎಲ್ಲರೂ ಬ್ರೇಕ್ ಒತ್ತುವಲ್ಲಿ ಇವರು ಒತ್ತುತ್ತಿರಲಿಲ್ಲ. ಕಾರು ಗೋಡೆಗೆ ಉಜ್ಜಿ ಕಿಡಿ ಹಾರುವಾಗ ನಾನು ಮುಖ ತಿರುಗಿಸಿಬಿಡುತ್ತಿದ್ದೆ. ವಿಚಿತ್ರವೆಂದರೆ, ಆ ಭಾನುವಾರಗಳಲ್ಲಿ ಮಾತ್ರ ಅವರು ಹೊಟ್ಟೆ ತುಂಬ ಉಣ್ಣುತ್ತಿದ್ದರು. ಉಳಿದ ದಿನ ತಟ್ಟೆಯಲ್ಲಿ ಬೆರಳಾಡಿಸುವುದೇ ಊಟ. ಸೋಮವಾರ ಮತ್ತೆ ಲಾರಿಯ ಹಿಂದೆ ನಿಧಾನವಾಗಿ ಆಫೀಸಿಗೆ!

ಇಲ್ಲಿನ ಕನ್ನಡದವರು ಸೇರಿ ಮಾಡುವ ಗಣೇಶನ ಹಬ್ಬದಲ್ಲಿ ಬೆಂಗಳೂರಿನವರೊಬ್ಬರು ನನ್ನನ್ನು ಹಿಡಿದುಕೊಂಡರು. "ನಿಮ್ ಭಾವ ರೇಸ್ ಮಾಡ್ತಾರಂತೆ? ಏನ್ರೀ, ಮಿಡ್‌ಲೈಫ್ ಕ್ರೈಸಿಸ್ಸಾ?"

"ಮಿಡ್ಲ್ ಎಲ್ಲಿ ಬಂತು? ಅವರು ಯಾವಾಗಲೂ ಕೊನೆಗೇ ಇರುವುದು" ಎಂದು ನಗಿಸಿ ತಪ್ಪಿಸಿಕೊಂಡೆ. ಆದರೆ ಚಪ್ಪಲಿ ಹಾಕಿಕೊಳ್ಳುವಾಗ ಮೇಘನಾ ಪಕ್ಕಕ್ಕೆ ಬಂದು ನಿಂತಳು.

"ಚಿಕ್ಕಮ್ಮ, ಪಪ್ಪ ಸಾಯ್ಲಿಕ್ಕೆ ಟ್ರೈ ಮಾಡ್ತಾ ಇದ್ದಾರಾ? ಪ್ಲೀಸ್, ಜೋಕ್ ಮಾಡ್ಬೇಡಿ."

ನಾನು ಜೋಕ್ ಮಾಡಲಿಲ್ಲ. ಅದೇ ಪ್ರಶ್ನೆಯನ್ನು ಅಮ್ಮ ಫೋನಿನಲ್ಲಿ ಸುತ್ತಿ ಬಳಸಿ ಕೇಳಿದ್ದಳು. ನಾನೂ ನನ್ನೊಳಗೆ ಕೇಳಿಕೊಂಡಿದ್ದೆ. "ಗೊತ್ತಿಲ್ಲ ಪುಟ್ಟಾ" ಎಂದೆ.

"ನೆಕ್ಸ್ಟ್ ಟೈಮ್ ನಾನೂ ಬರ್ತೇನೆ. ಸ್ಟಾಪ್ ಮಾಡಿ ಅಂತ ಹೇಳ್ತೇನೆ. ಎಲ್ಲರ ಮುಂದೆ."

ಬಂದಳು. ರೇಸಿಗೆ ಮೊದಲು ಹೇಳುವ ಧೈರ್ಯ ಬರಲಿಲ್ಲ. ಮುಗಿದ ಮೇಲೆ ಹೇಳುತ್ತೇನೆ ಎಂದು ನನ್ನ ಕೈ ಹಿಡಿದುಕೊಂಡು ಟ್ರ್ಯಾಕಿನ ಬೇಲಿಯ ಹತ್ತಿರ ನಿಂತಳು. ಮುಂದಿನ ಕಾರೊಂದು ಅಡ್ಡ ತಿರುಗಿತು. ಭಾವ ಅದಕ್ಕೆ ತಾಗಿದರು. ಕೆಂಪು ಕಾರು ಗೋಡೆ ಹತ್ತಿ, ಉರುಳಿ, ಮಗುಚಿ ಬಿತ್ತು. ರೇಸ್ ನಿಲ್ಲಿಸಲು ಕೆಂಪು ಬಾವುಟ ಬೀಸಿದರು. ಒಂದೊಂದಾಗಿ ಎಲ್ಲ ಕಾರುಗಳೂ ಎಂಜಿನ್ ಆರಿಸಿದವು.

ನಾವು ಓಡಿದೆವು. ತಡೆಯಲು ಬಂದವನನ್ನು ಹೆಂಕ್ ದೂಡಿ ಹಾಕಿದ. ಹತ್ತಿರ ಹೋಗುತ್ತಿದ್ದಂತೆ ಕಾರಿನೊಳಗಿಂದ ಒಂದು ಸದ್ದು ಕೇಳಿಸಿತು. ಮೊದಲು ನೋವಿಗೆ ಕೂಗುತ್ತಿದ್ದಾರೆ ಎಂದುಕೊಂಡೆ. ಅಲ್ಲ. ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಾ ಭಾವ ಅಳುತ್ತಿದ್ದರು. ಗಂಟಲು ಹರಿಯುವ ಹಾಗೆ, ಅಕ್ಕನ ಹೆಸರು ಹಿಡಿದು ಕರೆದು ಕರೆದು ಅಳುತ್ತಿದ್ದರು. ಎಂಜಿನ್ನುಗಳೆಲ್ಲ ನಿಂತು ಅಬ್ಬರ ಅಡಗಿದ್ದು ಅವರಿಗೆ ಗೊತ್ತಾಗಿರಲಿಲ್ಲ. ಅಷ್ಟು ದಿನ ಆ ಅಬ್ಬರದ ಒಳಗೆ ಅವರು ಏನು ಮಾಡುತ್ತಿದ್ದರು ಎಂದು ನಮಗೆ ಆಗ ಗೊತ್ತಾಯಿತು.

ಹೆಂಕ್ ಬೆಲ್ಟ್ ಕತ್ತರಿಸಿ ಕಿಟಕಿಯಿಂದ ಎಳೆದುಕೊಂಡ. ಅಕ್ಕನ ಕಾರು ಅಲ್ಲಿಗೆ ಮುಗಿಯಿತು. ತಂಡವೂ ಮುಗಿಯಿತು.

ಭುಜದ ಎಲುಬು ಮುರಿದಿತ್ತು, ಬೇರೇನೂ ಆಗಿರಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಭಾವ ಕೈಯನ್ನು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಗೆ ಹಾಕಿಕೊಂಡು, ಸಿಕ್ಕಿಬಿದ್ದವರ ಹಾಗೆ ಕೂತಿದ್ದರು. ಮಗಳ ಮುಖ ನೋಡದೆ ನನಗೆ ಹೇಳಿದರು.

"ಎಲ್ಲಿ ಅಳುವುದು ಹೇಳು? ಮನೆಯಲ್ಲಿ ಇವಳು ಓದ್ತಿರ್ತಾಳೆ. ನಾನು ಅತ್ತರೆ ಇವಳು ಹೆದರ್ತಾಳೆ. ಆಫೀಸಿನಲ್ಲಿ ಆಗ್ತದಾ? ರೇಸಿನ ಕಾರಿನೊಳಗಾದ್ರೆ ಎಷ್ಟು ಕೂಗಿದ್ರೂ ಯಾರಿಗೂ ಕೇಳುವುದಿಲ್ಲ. ಸಾಯುವ ಯೋಚನೆ ದೇವರಾಣೆ ಇರ್ಲಿಲ್ಲ ಮಾರಾಯ್ತಿ."

ಮೇಘನಾ ಅಪ್ಪನ ಹೊದಿಕೆಯನ್ನು ಸರಿಮಾಡಿದಳು. ಆಮೇಲೆ ಹೇಳಿದಳು: "ನಾನು ಸೈಕಲ್ ಮೇಲೆ ಅಳ್ತೇನೆ. ಸ್ಕೂಲಿಗೆ ಹೋಗುವಾಗ. ಎದುರು ಗಾಳಿ ಇದ್ರೆ ಎಲ್ಲರ ಕಣ್ಣಲ್ಲೂ ನೀರು ಬರ್ತದೆ, ಸೋ ಯಾರಿಗೂ ಗೊತ್ತಾಗಲ್ಲ."

ಭಾವ ಗಾಬರಿಯಾಗಿ ತಲೆ ಎತ್ತಿದರು. "ಅಳ್ತಾ ಸೈಕಲ್ ಬಿಡ್ತೀಯಾ? ಕಣ್ಣು ಮಂಜಾದ್ರೆ ರಸ್ತೆ ಹೇಗೆ ಕಾಣ್ತದೆ ನಿಂಗೆ? ಬಸ್ಸು ಬಂದ್ರೆ?"

ಸ್ವಲ್ಪ ಹೊತ್ತಿನ ಮೊದಲು ಕಾರಿನಲ್ಲಿ ತಲೆಕೆಳಗಾಗಿ ನೇತಾಡಿದ ಮನುಷ್ಯನ ಬಾಯಲ್ಲಿ ಈ ಮಾತು! ಮೇಘನಾಗೆ ನಗು ಬಂತು. ನಗುತ್ತಲೇ ಅವಳಿಗೆ ಅಳು ಒತ್ತರಿಸಿ ಬಂತು. ಭಾವ ಮಂಚದಲ್ಲಿ ಸರಿದು ಜಾಗ ಮಾಡಿದರು. ಅವಳು ಹತ್ತಿ ಕೂತು, ಪೆಟ್ಟಾಗದ ಭುಜದ ಮೇಲೆ ತಲೆಯಿಟ್ಟಳು. ಅಪ್ಪ ಮಗಳು ಆ ವಾರ್ಡಿನ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಅತ್ತರು.

ನರ್ಸ್ ಓಡಿಬಂದಳು. "ನೋವು ಜಾಸ್ತಿಯಾಯಿತೇ? ಮಾತ್ರೆ ಕೊಡಲೇ?" ಎಂದು ನನ್ನನ್ನು ಕೇಳಿದಳು.

"ಬೇಡ, ಅಳಲಿ ಬಿಡಿ" ಎಂದೆ. ಅವಳು ಇಬ್ಬರನ್ನೂ ಒಮ್ಮೆ ನೋಡಿ, ಪರದೆಯನ್ನು ಮೆಲ್ಲಗೆ ಎಳೆದು, ನನಗೂ ಒಂದು ಕುರ್ಚಿಯನ್ನು ಒಳಗೆ ಸರಿಸಿ ಹೋದಳು.