ಓಟದ ಮುನ್ನಾದಿನ ಓನರಿಗೆ ಒದ್ದದ್ದು

"ಇನ್ನು ಮೂರೇ ವಾರ! ಆಮೇಲೆ ಹನುಮಂತನಗರದೋರು ನನ್ನನ್ನ ನೋಡೋ ರೀತಿನೇ ಬೇರೆ!" ಎಂದು ಗೌರೀಶ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ.

"ಈಗ್ಲೂ ಬೇರೆ ಥರಾನೇ ನೋಡ್ತಿದಾರೆ ಕಣ್ರೀ, ನೀವು ಆ ಚಡ್ಡಿ ಹಾಕ್ಕೊಂಡು ಓಡೋಕೆ ಶುರು ಮಾಡಿದಾಗಿಂದ" ಎಂದಳು ಹೆಂಡತಿ ಮಹಾನಂದ, ಸೊಪ್ಪು ಬಿಡಿಸುತ್ತಲೇ.

ನಲವತ್ತಮೂರು ವರ್ಷದ ಸರ್ಕಾರಿ ಗುಮಾಸ್ತ ಗೌರೀಶ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದ. ಬಹುಮಾನದ ಹುಚ್ಚೇನೂ ಇರಲಿಲ್ಲ. ಎದೆಗೆ ನಂಬರು ಚುಚ್ಚಿಕೊಂಡು ಒಮ್ಮೆ, ಒಂದೇ ಒಮ್ಮೆ, ಕೊನೆಯ ಗೆರೆ ದಾಟಬೇಕು. ಹಳ್ಳಿಯ ಹೈಸ್ಕೂಲಿನಲ್ಲಿ ಅವನ ಅಕ್ಷರ ಮುತ್ತಿನಂತಿದ್ದದ್ದೇ ತಪ್ಪಾಗಿಹೋಗಿತ್ತು. ಕ್ರೀಡಾಕೂಟ ಬಂದಾಗಲೆಲ್ಲ ಮೇಷ್ಟ್ರು ಅವನನ್ನು ಗೆರೆಯ ಪಕ್ಕದಲ್ಲಿ ಮೇಜು ಹಾಕಿ ಕೂರಿಸಿ, ಗೆದ್ದವರ ಹೆಸರು ಬರೆಸುತ್ತಿದ್ದರು. ಮೂರು ವರ್ಷ ಆ ಗೆರೆಯನ್ನು ನೋಡಿದ್ದ, ದಾಟಿರಲಿಲ್ಲ.

ಅಭ್ಯಾಸವೋ ಅಭ್ಯಾಸ! ಬೆಳಗ್ಗೆ ಐದೂವರೆಗೆ ಎದ್ದು ಲಾಲ್‌ಬಾಗಿನಲ್ಲಿ ಎರಡು ಸುತ್ತು, ಬರುವಾಗ ಗುಡ್ಡದ ದೇವಸ್ಥಾನದ ಮೆಟ್ಟಿಲು. ವಾರ ಕಳೆಯುವುದರೊಳಗೆ ಆ ಮೆಟ್ಟಿಲನ್ನು ಎರಡೆರಡಾಗಿ ಇಳಿಯುವ ಪರಾಕ್ರಮಕ್ಕೆ ಕೈ ಹಾಕಿದ. ಮೆಟ್ಟಿಲು ಮುಗಿಯಿತೆಂದು ಅವನು ತಿಳಿದ; ಇನ್ನೂ ಒಂದಿತ್ತು! ಬಲಪಾದ ಉಳುಕಿತು.

"ಮೂಳೆಗೇನೂ ಆಗಿಲ್ಲ. ಎರಡು ವಾರ ರೆಸ್ಟ್. ಅಷ್ಟೊತ್ತಿಗೆ ನೋವು ಹೋದ್ರೆ ನಿಧಾನಕ್ಕೆ ಓಡಿ" ಎಂದರು ಡಾಕ್ಟರು.

ಆ ಎರಡು ವಾರ! ದಿಂಬಿನ ಮೇಲೆ ಕಾಲು, ಕಾಲಿನ ಮೇಲೆ ಐಸು, ಕ್ಯಾಲೆಂಡರಿನ ಮೇಲೆ ಕಣ್ಣು. ಬೆಳಗಿನ ಜಾವ ಓಟದ ಗುಂಪು ಕಿಟಕಿಯ ಕೆಳಗೇ ಹಾದುಹೋಗುತ್ತಿತ್ತು. ಟಪಟಪ, ಟಪಟಪ... ಆ ಸದ್ದು ಬೀದಿಯ ತಿರುವಿನಲ್ಲಿ ಕರಗುವವರೆಗೂ ಗೌರೀಶ ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ತವರಿಗೆ ಹೋದಾಗಲೂ ಇಷ್ಟು ಹಂಬಲಿಸಿರಲಿಲ್ಲ! ಒಂದು ದಿನ ಮಹಾನಂದ ಹೊದಿಕೆ ಎಳೆದು ನೋಡಿದರೆ, ಎರಡೂ ಕಾಲಿಗೆ ಶೂ.

"ಇದೇನ್ರೀ ಅವತಾರ?"

"ಸುಮ್ನೆ. ಲೇಸ್ ಕಟ್ಟಿದ್ರೆ ಸ್ವಲ್ಪ ಸಮಾಧಾನ."

"ಶಿವನೇ! ನಿನ್ನೆ ತಾನೇ ಬೆಡ್‌ಶೀಟ್ ಒಗೆದಿದೀನಿ!" ಎಂದಳು. ಆದರೆ ಶೂ ಬಿಚ್ಚಲು ಹೇಳಲಿಲ್ಲ.

ಓಟದ ಹಿಂದಿನ ದಿನ, ಶನಿವಾರ, ನೋವು ಮಾಯ! ಕುಂಟದೆ ನಡುಮನೆಯಲ್ಲಿ ಹತ್ತು ಸುತ್ತು ನಡೆದ. ಅಂಗಿಗೆ ನಂಬರು ಚುಚ್ಚುತ್ತಿದ್ದಾಗ ಕೆಳಗಿನ ಮನೆಯಿಂದ "ಅಯ್ಯಯ್ಯೋ!" ಕೇಳಿಸಿತು. ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ ಮನೆ ಓನರು ರಾಮಾಂಜಿನಪ್ಪ, ಬಿಲ್ಲಿನಂತೆ ಬಾಗಿ, ಗೋಡೆ ಹಿಡಿದುಕೊಂಡು ಮೆಟ್ಟಿಲೇರಿ ಬಂದರು.

"ಗೌರೀಶ್, ನೀವು ಕಾಲು ಮುಂದಾಗಿ ಹುಟ್ಟಿದೋರಂತಲ್ಲ? ನಿಮ್ಮ ಮನೆಯೋರು ಹೇಳಿದ್ರು. ನನ್ನ ಸೊಂಟಕ್ಕೆ ಮೂರು ಸಲ ಒದ್ದುಬಿಡಿ!"

ಹಾಗೆ ಹುಟ್ಟಿದವರು ಬಲಗಾಲಿನಿಂದ ಮೂರು ಸಲ ಒದ್ದರೆ ಸೊಂಟದ ಉಳುಕು ಬಿಡುತ್ತದೆಂಬುದು ಹಳ್ಳಿಯ ನಂಬಿಕೆ. ಚಿಕ್ಕಂದಿನಲ್ಲಿ ಗೌರೀಶ ಅರ್ಧ ಊರಿಗೇ ಒದ್ದಿದ್ದ.

"ಸಾರ್, ಬಲಗಾಲು... ನಾಳೆ ಓಟ ಬೇರೆ..."

"ಇಲ್ಲ ಅನ್ಬೇಡ್ರಿ. ಒದೆಸ್ಕೊಳ್ಳೋಕೆ ಬಂದೋರನ್ನ ಬರಿಗೈಲಿ ಕಳಿಸ್ತಾರಾ?"

"ಮೆಲ್ಲಗೆ ತಾಗಿಸಿದ್ರೆ ಸಾಕು ಬಿಡಿ" ಎಂದಳು ಮಹಾನಂದ.

ಒಂದು, ಮೆಲ್ಲಗೆ. ಎರಡು, ಇನ್ನೂ ಮೆಲ್ಲಗೆ.

"ಏನ್ರೀ ಇದು, ಬೆಕ್ಕು ಬಾಲ ಸವರಿದಂಗೆ! ಒದೀರಿ ಅಂದ್ರೆ ಒದೀಬೇಕು!"

ಈ ಭೂಮಂಡಲದಲ್ಲಿ ಎಷ್ಟು ಬಾಡಿಗೆದಾರರಿಗೆ ಇಂಥ ಆಹ್ವಾನ ಸಿಕ್ಕೀತು? ಸ್ನಾನದ ನಡುವೆಯೇ ಆರಿಸುವ ನೀರಿನ ಮೋಟರು, ಗೋಡೆಗೆ ಒಂದು ಮೊಳೆ ಹೊಡೆದಾಗಿನ ರಂಪ, ತಾರಸಿಯಲ್ಲಿ ಬಟ್ಟೆ ಒಣಹಾಕಲು ಹೇರಿದ ಷರತ್ತು, ಎಲ್ಲವೂ ಒಟ್ಟಾಗಿ ಗೌರೀಶನ ಬಲಗಾಲಿಗೆ ಇಳಿದುಬಂದವು. ಧಡ್!

"ಆಹಾ! ಬಿಟ್ಟೋಯ್ತು!" ರಾಮಾಂಜಿನಪ್ಪ ಗರುಡಗಂಬದಂತೆ ನೆಟ್ಟಗೆ ನಿಂತರು. ಗೌರೀಶ ಪಾದ ಹಿಡಿದುಕೊಂಡು ನೆಲಕ್ಕೆ ಕುಸಿದ.

ಸಂಜೆಯ ಹೊತ್ತಿಗೆ ಪಾದ ಬನ್ನಿನಂತೆ ಊದಿತು. ಓನರಿಗೆ ಪಶ್ಚಾತ್ತಾಪ ತಡೆಯಲಿಲ್ಲ. "ನಿಮ್ಮ ನಂಬರು ಯಾಕೆ ಹಾಳಾಗ್ಬೇಕು? ದಿನಾ ಬ್ಯೂಗಲ್ ರಾಕ್ ಪಾರ್ಕು ಸುತ್ತೋ ಕಾಲು ನಂದು. ನಿಮ್ಮ ಬದಲು ನಾನೇ ಓಡ್ತೀನಿ!"

ಭಾನುವಾರ ಗೌರೀಶ ಗಾಂಧಿಬಜಾರಿನ ರಸ್ತೆಬದಿಯಲ್ಲಿ, ಹೂವಿನಾಕೆ ಕೊಟ್ಟ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತ. ಸಾವಿರಾರು ಪಾದಗಳು ಟಪಟಪನೆ ಹಾದುಹೋದವು. ಅವನ ಎಡಗಾಲು ತಾನಾಗಿಯೇ ತಾಳ ಹಾಕುತ್ತಿತ್ತು. ಕೊನೆಗೆ ಅವನ ನಂಬರೂ ಬಂತು, ಇನ್ನೊಬ್ಬರ ಎದೆಯ ಮೇಲೆ. "ಓಡಿ ಸಾರ್! ಓಡಿ!" ಎಂದು ಕೂಗಿದ, ಆ ನಂಬರು ತಿರುವಿನಲ್ಲಿ ಮರೆಯಾಗುವವರೆಗೂ. ಮಹಾನಂದ ಅವನ ಕೈಗೆ ಕಾಫಿ ಲೋಟ ಕೊಟ್ಟಳು.

ಹತ್ತು ಗಂಟೆಗೆ ರಾಮಾಂಜಿನಪ್ಪ ಬೆವರು ಒರೆಸುತ್ತ ಮನೆಗೆ ಬಂದರು. ಗೌರೀಶ ಕುಂಟುತ್ತಲೇ ಬಾಗಿಲಿಗೆ ಹೋದ.

"ಸಾರ್, ಆ ಕೊನೆ ಗೆರೆ ದಾಟೋವಾಗ... ಹೇಗನ್ನಿಸ್ತು? ಸ್ವಲ್ಪ ಬಿಡಿಸಿ ಹೇಳಿ."

ರಾಮಾಂಜಿನಪ್ಪ ತಲೆ ಕೆರೆದುಕೊಂಡರು.

"ಗೆರೆನಾ? ಅದೆಲ್ಲಿತ್ತು ರೀ? ಬಾಳೆಹಣ್ಣು ಎಲ್ಲಿ ಕೊಡ್ತಿದಾರೆ ಅಂತ ಹುಡುಕ್ತಾ ಹುಡುಕ್ತಾ ನೋಡ್ದೇನೇ ದಾಟಿಬಿಟ್ಟಿರ್ಬೇಕು!"